ಇನ್ನೊಂದು ರೌಂಡ್ ಹೊಡೆದರೆ ಸೋಲಲ್ಲ

ಆಷಾಢದ ಗಾಳಿ ಹೇಗಿರುತ್ತೆ ಅಂತ ತುಮಕೂರಿನವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಕುಣಿಗಲ್ ಕೆರೆ ಹತ್ತಿರ ಬೈಕ್ ಓಡಿಸುವಾಗ ಪಕ್ಕದಿಂದ ಒಮ್ಮೆ ಬೀಸಿದರೆ ಸಾಕು, ಹ್ಯಾಂಡಲ್ಲೇ ಹೇಳುತ್ತೆ. ಇಷ್ಟು ಗೊತ್ತಿದ್ದೂ ಕಳೆದ ಆಷಾಢದಲ್ಲಿ ಗುಬ್ಬಿ ಹೊರಗಿನ ಬಯಲಲ್ಲಿ ನಮ್ಮ ರಿಮೋಟ್ ವಿಮಾನವನ್ನು ಇಳಿಸಲು ಹೋಗಿ ಮುರಿದುಕೊಂಡೆವು. ಎರಡು ತಿಂಗಳ ಕೆಲಸ ಎರಡು ಸೆಕೆಂಡಲ್ಲಿ ಪುಡಿಪುಡಿ. ಅದಕ್ಕೂ ಸ್ವಲ್ಪ ಮುಂಚೆ ಫಸ್ಟ್ ಇಯರ್ ಹುಡುಗಿಯೊಬ್ಬಳು, "ಅಣ್ಣ, ಗಾಳಿ ಜಾಸ್ತಿ ಆಯ್ತು, ಇನ್ನೊಂದ್ ರೌಂಡ್ ಹೊಡ್ಸಿ" ಅಂದಿದ್ದಳು. ನಾವು ಕೇಳಲಿಲ್ಲ.

ಆಮೇಲೆ ಎಲ್ಲರೂ ಗಾಳಿಯನ್ನೇ ಬೈದೆವು. ಆದರೆ ಲಿಫ್ಟ್ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ ಅಂತ ಪರೀಕ್ಷೆಯಲ್ಲಿ ಬರೆದವರು ನಾವೇ ಅಲ್ವಾ? 60 ನಾಟ್ ವೇಗದಲ್ಲಿ ಇಳಿಯುವ ಪುಟ್ಟ ವಿಮಾನಕ್ಕೆ ಎದುರುಗಾಳಿ ದಿಢೀರನೆ 10 ನಾಟ್ ಕಡಿಮೆಯಾದರೆ, ಲಿಫ್ಟ್‌ನಲ್ಲಿ ಸುಮಾರು 30% ಹೋಯಿತು. 140 ನಾಟ್‌ನಲ್ಲಿ ಇಳಿಯುವ ದೊಡ್ಡ ವಿಮಾನಕ್ಕೆ ಅದೇ ಗಾಳಿಯಿಂದ ಹೋಗೋದು ಸುಮಾರು 14% ಮಾತ್ರ. ಅದಕ್ಕೇ ಪೈಲಟ್‌ಗಳು ಗಾಳಿಯ ಏರಿಳಿತದ ಅರ್ಧದಷ್ಟು ವೇಗ ಸೇರಿಸಿಕೊಂಡು ಬರುತ್ತಾರೆ. ಗಾಳಿ 15 ನಾಟ್ ಇದ್ದು ಆಗಾಗ 25ಕ್ಕೆ ಏರುತ್ತಿದ್ದರೆ 5 ನಾಟ್ ಹೆಚ್ಚು. ಹಾಗಂತ ಅತಿಯಾಗಿ ಸೇರಿಸಿದರೆ ವಿಮಾನ ತೇಲುತ್ತಾ ಹೋಗಿ ರನ್‌ವೇನೇ ಮುಗಿಯುತ್ತೆ. ನೆಲಕ್ಕೆ ಬಡಿದು ಪುಟಿದಾಗ ಮೂಗು ಒತ್ತಿ ಇಳಿಸಲು ಹೋದರೆ ಮುಂದಿನ ಚಕ್ರ ಮುರಿಯುತ್ತೆ. ಇದಕ್ಕೆಲ್ಲ ಮದ್ದು ಒಂದೇ: ಪವರ್ ಕೊಟ್ಟು ಮೇಲೇರಿ, ಮತ್ತೆ ಸುತ್ತಿ ಬರುವುದು.

ಅಷ್ಟು ಸುಲಭ ಇದ್ದರೂ ಯಾಕೆ ಮಾಡಲ್ಲ? 2010ರ ಮೇ 22ರಂದು ಮಂಗಳೂರಿನಲ್ಲಿ ಇಳಿಯುತ್ತಿದ್ದ ವಿಮಾನ ದೊಡ್ಡದು, ಅಲ್ಲಿ ಗಾಳಿಯ ತಪ್ಪೂ ಇರಲಿಲ್ಲ. ಸರಿಯಾದ ಎತ್ತರ, ವೇಗದಲ್ಲಿ ಅದು ಬರುತ್ತಿರಲಿಲ್ಲ. ಸಹ ಪೈಲಟ್ ಮತ್ತೆ ಮೇಲೇರೋಣ ಅಂತ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. 166 ಜನರಲ್ಲಿ 158 ಜನ ತೀರಿಕೊಂಡರು.

ನಮ್ಮ ಥರ್ಮೋಕೋಲ್ ವಿಮಾನವನ್ನು ಆ ದುರಂತಕ್ಕೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಆದರೆ ಎಚ್ಚರಿಸಿದ ಕಿರಿಯರ ಮಾತು ಎರಡೂ ಕಡೆ ಗಾಳಿಗೆ ಹೋಯಿತು. ನಮಗೆ ಇಳಿಸುವುದೇ ಗೆಲುವು. ಸುತ್ತಲೂ ಮೊಬೈಲ್ ಹಿಡಿದು ನಿಂತವರ ಮುಂದೆ ವಾಪಸ್ ಏರಿಸಿದರೆ "ಹೆದರಿಕೊಂಡ ಕಣೋ" ಅಂತಾರೆ. ಸೀನಿಯರ್ ಕೈಲಿ ರಿಮೋಟ್ ಇದ್ದರೆ ಜೂನಿಯರ್ ಬಾಯಿ ಮುಚ್ಚಿಕೊಂಡಿರಬೇಕು. ಈ ರೂಢಿ ಹೋಗಬೇಕು.

"ಬ್ಯಾಟರಿ ಇರಲಿಲ್ಲವಲ್ಲ" ಅನ್ನುವ ನೆಪ ನಮ್ಮ ಹತ್ತಿರವೂ ಇತ್ತು. ಎರಡು ರೌಂಡಿಗಾಗುವಷ್ಟು ಚಾರ್ಜ್ ಉಳಿಸಿಕೊಳ್ಳದೆ ಹಾರಿಸಿದ್ದೂ ನಮ್ಮದೇ ತಪ್ಪು. ಹಾಗಾಗಿ ಈ ವರ್ಷದಿಂದ ಎರಡು ನಿಯಮ ಇರಲಿ ಅನ್ನುತ್ತೇವೆ. ಒಂದು, ಆ ಚಾರ್ಜ್ ಇಲ್ಲದೆ ಇಳಿಸಲು ಬರುವಂತಿಲ್ಲ. ಎರಡು, ಬಯಲಲ್ಲಿ ನಿಂತ ಯಾರೇ "ಏರ್ಸಿ" ಅಂದರೂ ಮೊದಲು ಏರಿಸಬೇಕು, ಚರ್ಚೆ ಆಮೇಲೆ. ಸ್ಪರ್ಧೆ ನಡೆಸುವವರೂ ಇನ್ನೊಂದು ಸುತ್ತಿಗೆ ಅಂಕ ಕಳೆಯಬಾರದು.

ಗುಬ್ಬಿಯಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ಕೆಲಸ ಮಾಡುವ ಕನಸು ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಜನ ಕೂರುವ ಯಂತ್ರ ಮುಟ್ಟುವ ಮುಂಚೆ, ಆ ಹುಡುಗಿ ಹೇಳಿದ್ದನ್ನು ಕೇಳಿಸಿಕೊಳ್ಳುವುದನ್ನಾದರೂ ಕಲಿಯೋಣ. ಮುಂದಿನ ಆಷಾಢಕ್ಕೆ ರಿಮೋಟ್ ಅವಳ ಕೈಗೇ ಕೊಡುತ್ತಿದ್ದೇವೆ.