ಆಟದ ದೋಣಿಗೆ ನೀರಿನ ತಂಪು

ಮೊಳಕಾಲ್ಮೂರಿನಿಂದ ಸೋದರಿಯೊಬ್ಬರು ನಮಗೆ ಬರೆದಿದ್ದಾರೆ. ಅವರದು ರೇಷ್ಮೆಯ ಮಗ್ಗದ ಮನೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಬ್ಯಾಟರಿಯಿಂದ ಓಡುವ ಮೊಳದುದ್ದದ ದೋಣಿಯೊಂದನ್ನು ಕಟ್ಟಿದ್ದಾಳೆ. ದೋಣಿಯು ಚೆನ್ನಾಗಿಯೇ ಓಡುವುದಂತೆ. ಆದರೆ ಐದು ನಿಮಿಷ ಕಳೆಯುವುದರೊಳಗೆ ಅದರ ವೇಗನಿಯಂತ್ರಕವು ಕಾದು ನಿಂತುಹೋಗುವುದಂತೆ. ಎರಡು ನಿಯಂತ್ರಕಗಳು ಈಗಾಗಲೇ ಸುಟ್ಟಿವೆ. ಮೂರನೆಯದನ್ನು ಕೊಡಿಸಲಾರೆ, ಹೆಣ್ಣುಮಗುವಿಗೆ ಈ ಗೋಜು ಸಾಕು, ಎಂದು ತಂದೆಯವರ ತೀರ್ಮಾನ. ನೀರಿನಿಂದ ತಂಪು ಮಾಡಬಹುದೆಂದು ಮಗಳ ವಾದ. ವಿದ್ಯುತ್ತಿನ ಸಾಮಾನಿಗೆ ನೀರು ತಾಗಿಸುವುದುಂಟೆ ಎಂದು ತಾಯಿಯವರ ಪ್ರಶ್ನೆ.

ಉಂಟು, ಚಳ್ಳಕೆರೆ ಮೊಳಕಾಲ್ಮೂರು ಸೀಮೆಯವರಿಗೆ ಅದು ಹೊಸದೂ ಅಲ್ಲ. ಡೀಸೆಲ್ ಪಂಪು ಮೇಲೆತ್ತಿದ ನೀರಿನಲ್ಲಿ ಒಂದು ಪಾಲನ್ನು ಸಣ್ಣ ಕೊಳವೆಯಲ್ಲಿ ತಿರುಗಿಸಿ, ಎಂಜಿನ್ನಿನ ಸುತ್ತಣ ಪೊಳ್ಳುಗೋಡೆಯೊಳಗೆ ಹರಿಸಿ, ಬಿಸಿಯಾದುದನ್ನು ಕಾಲುವೆಗೆ ಬಿಡುವುದನ್ನು ಹಿರಿಯರು ಕಂಡೇ ಇದ್ದಾರೆ. ಕೊಳವೆಬಾವಿಯ ಮೋಟಾರಿಗೂ ಅದರ ಮೈಯನ್ನು ಸವರಿಕೊಂಡು ಹೋಗುವ ನೀರೇ ತಂಪು. ಬಾವಿ ಬತ್ತಿ ನೀರು ನಿಂತರೆ ಮೋಟಾರು ಸುಡುವುದು. ಆ ಖರ್ಚಿನ ಪೆಟ್ಟನ್ನು ತಿನ್ನದ ಮನೆಗಳು ನಮ್ಮ ಕಡೆ ವಿರಳ.

ದೋಣಿಯ ನಿಯಂತ್ರಕವು ಬ್ಯಾಟರಿಯ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಹೊಂದಿಸಿ ಮುರಿದು, ಮೂರು ತಂತಿಗಳ ಮೂಲಕ ಮೋಟಾರಿಗೆ ಸರದಿಯಂತೆ ಹಂಚುವ ಸಾಧನ. ಈ ಕೆಲಸವನ್ನು ಮಾಡುವ ಮಾಸ್ಫೆಟ್ ಎಂಬ ಪುಟ್ಟ ಬಿಲ್ಲೆಗಳಲ್ಲಿ ಶಾಖ ಹುಟ್ಟುವುದು. ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಬಿಲ್ಲೆಗಳ ತಡೆಯಿಂದ ಹುಟ್ಟುವ ಶಾಖವು ನಾಲ್ಮಡಿಯಾಗುವುದೆಂಬುದನ್ನು ಗಮನಿಸತಕ್ಕದ್ದು. ಮದುವೆಮನೆಗಳಲ್ಲಿ ಚಿತ್ರ ತೆಗೆಯಲು ಹಾರಿಸುವ ಡ್ರೋನಿನಲ್ಲಿಯೂ ಇಂಥವೇ ನಿಯಂತ್ರಕಗಳಿವೆ. ಅವುಗಳಿಗೆ ರೆಕ್ಕೆಯ ಗಾಳಿಯು ಬೀಸಣಿಗೆಯಾಗುವುದು. ದೋಣಿಯೊಳಗಾದರೋ ನೀರು ನುಗ್ಗದಂತೆ ಎಲ್ಲವನ್ನೂ ಮುಚ್ಚಿರುವುದರಿಂದ ಗಾಳಿಗೆ ಹಾದಿಯಿಲ್ಲ.

ನೀರಿನ ಲಕ್ಷಣವೇ ಶೀತಸ್ಪರ್ಶವೆಂದು ನಾವು ಬಾಲ್ಯದಲ್ಲಿ ತರ್ಕಶಾಸ್ತ್ರದಲ್ಲಿ ಓದಿದೆವು. ಇಲ್ಲಿ ಉಪಯೋಗಕ್ಕೆ ಬರುವುದು ಅದರ ಸ್ಪರ್ಶಕ್ಕಿಂತ ಶಾಖವನ್ನು ಹೊರುವ ಸಾಮರ್ಥ್ಯ. ನಿಯಂತ್ರಕದಲ್ಲಿ 20 ವಾಟು ಶಾಖ ಹುಟ್ಟಿತೆಂದಿಟ್ಟುಕೊಳ್ಳೋಣ. ನಿಮಿಷಕ್ಕೆ 200 ಮಿಲಿಲೀಟರು, ಎಂದರೆ ಒಂದು ಲೋಟದಷ್ಟು ನೀರು ಹರಿದರೆ, ಅಷ್ಟು ಶಾಖವನ್ನೂ ಹೊತ್ತು ಹೊರಬೀಳುವ ನೀರಿನ ಬಿಸಿಯು ಒಂದೂವರೆ ಡಿಗ್ರಿಯಷ್ಟೂ ಏರದು. ಆದಕಾರಣ ದೊಡ್ಡ ಕೊಳವೆ ಬೇಕಿಲ್ಲ. ನಿಲ್ಲದೆ ಹರಿಯುವ ಸಣ್ಣ ಧಾರೆಯೊಂದು ಸಾಕು.

ತಾಯಿಯವರ ಭಯಕ್ಕೆ ಉತ್ತರವೇನೆಂದರೆ, ನೀರು ನಿಯಂತ್ರಕವನ್ನು ಮುಟ್ಟುವುದೇ ಇಲ್ಲ. ನಿಯಂತ್ರಕದ ಬೆನ್ನಿಗೆ ಅಲ್ಯುಮಿನಿಯಂ ಫಲಕವಿದ್ದರೆ, ಅದರ ಮೇಲೆ ಮೂರು ನಾಲ್ಕು ಮಿಲಿಮೀಟರು ದಪ್ಪದ ತಾಮ್ರದ ನಳಿಕೆಯನ್ನು ಲಾಳಾಕಾರವಾಗಿ ಬಗ್ಗಿಸಿ, ಶಾಖ ಹಾಯಿಸುವ ಅಂಟಿನಿಂದ ಕೂಡಿಸಬೇಕು. ಬಗ್ಗಿಸುವಾಗ ನಳಿಕೆಯಲ್ಲಿ ಒಣಗಿದ ನಯವಾದ ಮರಳನ್ನು ತುಂಬಿದರೆ ನುಗ್ಗಾಗದು. ಫಲಕವಿಲ್ಲದಿದ್ದರೆ ಲೋಹವನ್ನು ಬಿಲ್ಲೆಗಳ ಮೇಲೆ ನೇರವಾಗಿ ಎಂದಿಗೂ ಇಡಕೂಡದು. ಅವುಗಳ ಲೋಹದ ಬೆನ್ನಿನಲ್ಲಿ ವಿದ್ಯುತ್ತು ಇರಬಹುದಾದುದರಿಂದ ಎಲ್ಲವೂ ಒಂದಕ್ಕೊಂದು ತಗುಲಿ ಒಡನೆಯೇ ಸುಟ್ಟುಹೋದಾವು. ಶಾಖವನ್ನು ಬಿಟ್ಟು ವಿದ್ಯುತ್ತನ್ನು ತಡೆಯುವ ತೆಳುವಾದ ಹಾಳೆ ಅಂಗಡಿಗಳಲ್ಲಿ ದೊರೆಯುವುದು. ಅದನ್ನು ನಡುವೆ ಇಡತಕ್ಕದ್ದು. ನೀರನ್ನು ಒಳಗೊಯ್ಯುವ ಬಾಯಿ ಪ್ರೊಪೆಲರಿನ ಹಿಂದೆ ಅದಕ್ಕೆ ಎದುರಾಗಿರಲಿ. ರೆಕ್ಕೆ ತಳ್ಳಿದ ನೀರೇ ಒಳನುಗ್ಗುವುದರಿಂದ ಬೇರೆ ಪಂಪು ಬೇಡ. ಅಲ್ಲಿಂದ ನಳಿಕೆಗೆ ಸಿಲಿಕೋನಿನ ಮೆದು ಕೊಳವೆ. ಹೊರಬೀಳುವ ಬಾಯಿ ದೋಣಿಯ ಪಕ್ಕದಲ್ಲಿ ನೀರಿನ ಮಟ್ಟಕ್ಕಿಂತ ಮೇಲಿರಲಿ. ದಡದಲ್ಲಿ ನಿಂತವರಿಗೆ ಧಾರೆ ಕಾಣುತ್ತಿರುವವರೆಗೆ ಚಿಂತೆಯಿಲ್ಲ, ಕಾಣದಾದರೆ ಕೂಡಲೇ ನಿಲ್ಲಿಸಬೇಕು. ದೋಣಿಯಲ್ಲಿ ಕೂಡಿಸುವುದಕ್ಕೆ ಮುಂಚೆ, ಬ್ಯಾಟರಿ ನಿಯಂತ್ರಕಗಳನ್ನು ದೂರವಿಟ್ಟು, ನಳಿಕೆಗೆ ಕೊಳವೆಯನ್ನು ಬಿಗಿದು ಒಂದು ಬಾಯಿ ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ಊದಿ ನೋಡಲಿ. ಸೈಕಲ್ ಟ್ಯೂಬಿನ ಪಂಕ್ಚರು ಹುಡುಕುವಂತೆಯೇ.

ನಮ್ಮ ಕಡೆಯ ನೀರಿನ ವಿಚಾರವೂ ಒಂದಿಷ್ಟಿದೆ. ಕೆರೆಯಲ್ಲಿ ಕೆಸರು, ಕೊಳವೆಬಾವಿಯಲ್ಲಿ ಗಡಸು. ಬಾಯಿಗೊಂದು ಸಣ್ಣ ಜಾಲರಿ ಕಟ್ಟಬೇಕು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಬಿಳಿಯ ಹೊಪ್ಪಳಿಕೆಯೇ ಕಾಲಕ್ರಮದಲ್ಲಿ ನಳಿಕೆಯೊಳಗೂ ಕೂರಬಹುದು. ಆಟ ಮುಗಿದೊಡನೆ ಊದಿ ಒಣಗಿಸುವುದು ಲೇಸು.

ಇಷ್ಟಾದರೂ ಒಂದು ಮಾತನ್ನು ನಾವು ತಂದೆಯವರ ಪಕ್ಷವಾಗಿ ಹೇಳಬೇಕಾಗಿದೆ. ಎರಡು ನಿಯಂತ್ರಕಗಳು ಹೀಗೆ ಬೇಗನೆ ಸುಟ್ಟಿವೆಯೆಂದರೆ ಪ್ರೊಪೆಲರು ಮೋಟಾರಿಗೆ ಮೀರಿದ ಗಾತ್ರದ್ದಾಗಿರಬಹುದು, ಅಥವಾ ಅದಕ್ಕೆ ಪಾಚಿ ಸುತ್ತಿರಬಹುದು. ಎತ್ತಿಗೆ ಹೊರಲಾರದ ಹೇರು ಹೇರಿ ಮೈಗೆ ನೀರೆರೆದರೆ ಬಂಡಿ ಸಾಗೀತೆ? ಮೂರನೆಯದನ್ನು ಕೊಳ್ಳುವ ಮೊದಲು ಓಟದಲ್ಲಿ ಎಷ್ಟು ಆಂಪಿಯರು ಹರಿಯುವುದೆಂದು ಅಳೆಯಿಸಿ, ಅದಕ್ಕಿಂತ ಅರ್ಧದಷ್ಟಾದರೂ ಹೆಚ್ಚು ತಾಳುವ ನಿಯಂತ್ರಕವನ್ನೇ ಕೊಳ್ಳತಕ್ಕದ್ದು. ಅಳೆಯುವ ಸಾಧನಕ್ಕಾಗಿ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಕೇಳಲಿ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಾಧ್ಯಾಯರಿಗೆ ಪ್ರಯೋಗಗಳ ತರಬೇತಿ ಕೊಡುತ್ತ ಬಂದಿರುವುದರಿಂದ, ಈ ಸೀಮೆಯಲ್ಲಿ ಅಂಥ ಸಹಾಯಕ್ಕೆ ಕೊರತೆಯಿರಲಾರದು. ಹೆಣ್ಣುಮಗುವೆಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಮಗ್ಗದ ಮುಂದೆ ಕೂದಲೆಳೆಯಷ್ಟು ನೂಲನ್ನು ಕಡಿಯದಂತೆ ಹಿಡಿಯಬಲ್ಲ ಕೈಗೆ ಈ ಬೆಸುಗೆ ದೊಡ್ಡದೆ?

ಇನ್ನು ದೋಣಿ ಬಿಡುವ ಸ್ಥಳ. ರಂಗಯ್ಯನದುರ್ಗದ ಜಲಾಶಯಕ್ಕೆ ಮಕ್ಕಳು ತಾವಾಗಿ ಹೋಗಕೂಡದು. ಹೊಲಗಳ ಕೃಷಿಹೊಂಡವು ನೋಡಲು ಚಿಕ್ಕದಾದರೂ ಅದಕ್ಕಿಂತ ಮೋಸದ್ದು; ಪ್ಲಾಸ್ಟಿಕ್ ಹಾಸಿದ ಅದರ ಇಳಿಜಾರು ಒದ್ದೆಯಾದರೆ ಈಜು ಬಲ್ಲವರೂ ಹತ್ತಿ ಬರಲಾರರು. ಮೊಣಕಾಲುದ್ದ ನೀರಿನ ತೊಟ್ಟಿಯೇ ಮೊದಲ ಪರೀಕ್ಷೆಗೆ ಯೋಗ್ಯ. ಎರಡು ನಿಮಿಷ ಓಡಿಸಿ, ಬ್ಯಾಟರಿ ಕಳಚಿ, ಫಲಕವನ್ನು ಮುಟ್ಟಿ ನೋಡಲಿ. ಬೆರಳು ಇಡಲಾರದಷ್ಟು ಬಿಸಿಯಿದ್ದರೆ ಪ್ರೊಪೆಲರನ್ನು ಕಿರಿದು ಮಾಡಬೇಕು. ಕೆರೆಗೆ ಹೋಗುವ ದಿನ ದೋಣಿಗೊಂದು ಹಗುರವಾದ ನೂಲುಹಗ್ಗವನ್ನು ರೆಕ್ಕೆಗೆ ಸಿಕ್ಕದಂತೆ ಮೂತಿಗೆ ಕಟ್ಟಿರಲಿ. ನಡುನೀರಿನಲ್ಲಿ ನಿಂತರೆ ಯಾರೂ ಇಳಿಯದೆ ಎಳೆದುಕೊಳ್ಳಬಹುದು. ಆ ಹಗ್ಗವನ್ನು ಹಿಡಿಯುವುದಕ್ಕೆ ತಂದೆಯವರೇ ಜೊತೆಗೆ ಹೋಗಲಿ.