ಭಾಷಣಕ್ಕೂ ಅಲಂಕಾರ ಉಂಟು ಮೇಷ್ಟ್ರೇ

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಪಾಸಾದ ಯಾರನ್ನು ಬೇಕಾದರೂ ನಿಲ್ಲಿಸಿ ಕೇಳಿ, ಉಪಮೆಗೆ ಎಷ್ಟು ಅಂಗ? ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂದು ಉತ್ತರ ಬರುತ್ತದೆ. ಭೀಮ ದುರ್ಯೋಧನರನ್ನು ಮದಗಜಗಳಿಗೆ ಹೋಲಿಸುವ ಹಳೆಯ ಉದಾಹರಣೆಯೂ ಜೊತೆಗೇ ಬರುತ್ತದೆ. ಅಲಂಕಾರ ಹೆಸರಿಸಿ, ಲಕ್ಷಣ ಬರೆದು, ಸಮನ್ವಯ ಮಾಡಿದರೆ ಅಂಕ ಸಿಕ್ಕಿತು. ಆಮೇಲೆ ಆ ನಾಲ್ಕು ಪದಗಳನ್ನು ಯಾರೂ ಮುಟ್ಟುವುದಿಲ್ಲ. ಎಂ.ಎ. ಕನ್ನಡಕ್ಕೆ ಬಂದವರು ಮುಟ್ಟುತ್ತಾರೆ, ಆದರೆ ಪಂಪ, ರನ್ನ, ಕುಮಾರವ್ಯಾಸರ ಮೇಲೆ ಮಾತ್ರ.

ನನ್ನ ತಕರಾರು ಇಲ್ಲಿಂದಲೇ ಶುರು. ನಮ್ಮ ವಿದ್ಯಾರ್ಥಿಗಳು ದಿನಕ್ಕೊಂದು ಷಟ್ಪದಿ ಕೇಳುವುದಿಲ್ಲ. ದಿನಕ್ಕೆ ಹತ್ತು ರಾಜಕೀಯ ಭಾಷಣಗಳ ತುಣುಕುಗಳನ್ನು ಮೊಬೈಲಿನಲ್ಲಿ ಕೇಳುತ್ತಾರೆ. ಷಟ್ಪದಿಯನ್ನು ಬಿಡಿಸಿ ನೋಡಲು ಐದು ವರ್ಷ ಕಲಿಸುವ ನಾವು, ಭಾಷಣವನ್ನು ಬಿಡಿಸಿ ನೋಡಲು ಐದು ನಿಮಿಷವನ್ನೂ ಕೊಡುವುದಿಲ್ಲ. ಕಾಲೇಜುಗಳಲ್ಲಿ ಭಾಷಣ ಸ್ಪರ್ಧೆಗೆ ಕಪ್ಪು ಇದೆ, ಶಾಲು ಇದೆ, ಪ್ರಶಸ್ತಿಪತ್ರ ಇದೆ. ಭಾಷಣವನ್ನು ಕೇಳಿಸಿಕೊಳ್ಳುವುದಕ್ಕೆ ಏನೂ ಇಲ್ಲ.

ಕೇಳಿದರೆ ಸಿದ್ಧ ಉತ್ತರವೊಂದಿದೆ: 'ತರಗತಿಯಲ್ಲಿ ರಾಜಕೀಯ ಬೇಡ.' ಈ ಮಾತನ್ನು ನನಗೆ ಹೇಳಿದವರು ಕೆಟ್ಟವರಲ್ಲ. ಅವರಲ್ಲಿ ಕೆಲವರು ನನಗೇ ಪಾಠ ಹೇಳಿದವರು. ಆದರೂ ಈ ಮಾತು ತಪ್ಪು ಎಂದು ವಾದಿಸಲೇಬೇಕಾಗಿದೆ.

ಪಿಎಚ್‌.ಡಿ. ಮಾಡುತ್ತಲೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಬಿ.ಎ. ತರಗತಿಗೆ ಹೋಗುತ್ತಿದ್ದೆ. ಅಲಂಕಾರದ ಪಾಠ ಬಂದಾಗ ಮದಗಜವನ್ನು ಬದಿಗಿಟ್ಟು ಹಾವನ್ನು ತಂದೆ. ಓದುಗರಿಗೆ ನೆನಪಿರಬಹುದು. 2023ರ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ಏಪ್ರಿಲ್ 27ರಂದು, ಗದಗ ಜಿಲ್ಲೆಯ ಸಭೆಯೊಂದರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಪ್ರಧಾನಿ ಮೋದಿಯವರನ್ನು ವಿಷದ ಹಾವಿಗೆ ಹೋಲಿಸಿದರು. ಗದ್ದಲವಾಯಿತು. ಆಗ ಅವರು, ತಾವು ಹೇಳಿದ್ದು ವ್ಯಕ್ತಿಯನ್ನಲ್ಲ, ಬಿಜೆಪಿಯ ಸಿದ್ಧಾಂತವನ್ನು ಎಂದರು. ಅದರ ಬೆನ್ನಿಗೇ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳ ಅವರ ಮಾತಿನಲ್ಲಿ ವಿಷವು ಸೋನಿಯಾ ಗಾಂಧಿಯವರ ಕಡೆ ತಿರುಗಿ 'ವಿಷಕನ್ಯೆ'ಯಾಯಿತು. ಏಪ್ರಿಲ್ 30ರಂದು ಮೋದಿಯವರು ಕೋಲಾರಕ್ಕೆ ಬಂದರು. ಹಾವು ಶಿವನ ಕೊರಳಿನ ಭೂಷಣ, ನನಗೆ ಜನರೇ ಶಿವ, ಆ ಕೊರಳಲ್ಲಿರುವ ಹಾವಾಗಲು ನನ್ನ ಒಪ್ಪಿಗೆಯಿದೆ ಎಂಬ ಅರ್ಥದ ಉತ್ತರ ಕೊಟ್ಟರು.

ಈಗ ಸಮನ್ವಯ ಮಾಡಿ ಎಂದೆ. ಮೊದಲ ಬಾರಿಗೆ ಆ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಕೈಗಳು ಎದ್ದವು. ಖರ್ಗೆಯವರು ಸಿಕ್ಕಿಬಿದ್ದಾಗ ಬದಲಿಸಿದ್ದು ಉಪಮೇಯವನ್ನು: ವ್ಯಕ್ತಿಯ ಜಾಗಕ್ಕೆ ಸಿದ್ಧಾಂತ ಬಂತು. ಮೋದಿಯವರು ಉಪಮೇಯವನ್ನೂ ಉಪಮಾನವನ್ನೂ ಹಾಗೆಯೇ ಉಳಿಸಿಕೊಂಡು ಬದಲಿಸಿದ್ದು ಸಮಾನಧರ್ಮವನ್ನು: ವಿಷದ ಜಾಗಕ್ಕೆ ಭೂಷಣ ಬಂತು. ಮೇಲಾಗಿ ಕೇಳುತ್ತ ಕೂತ ಜನರನ್ನೇ ಶಿವನನ್ನಾಗಿ ಮಾಡಿ, ಬೈಗುಳವನ್ನು ಜನರಿಗೆ ಸಂದ ಪೂಜೆಯನ್ನಾಗಿ ತಿರುಗಿಸಿದರು. ಹತ್ತನೇ ತರಗತಿಯ ನಾಲ್ಕು ಪದಗಳು ಸಾಕಾದವು. ಆಗ ಒಬ್ಬ ಹುಡುಗ ಹೇಳಿದ: "ಮೇಡಂ, ಇಬ್ಬರೂ ಹಾವನ್ನ ಮಾತ್ರ ಬಿಡಲಿಲ್ಲ. ಮೇ 10ಕ್ಕೆ ವೋಟು. ನಮ್ಮಪ್ಪ ಟೊಮೆಟೊ ರೇಟಿನ ಬಗ್ಗೆ ಯಾರಾದ್ರೂ ಮಾತಾಡ್ತಾರಾ ಅಂತ ಟಿವಿ ಮುಂದೆ ಕೂತಿದ್ರು." ನಾನು ಆ ವಾರ ಕೊಟ್ಟ ಅತಿ ಹೆಚ್ಚು ಅಂಕ ಅವನಿಗೇ.

ಇದು ರಾಜಕೀಯವೋ, ಅಲಂಕಾರಶಾಸ್ತ್ರವೋ? ಎರಡೂ ಹೌದು. ಬೇರೆ ಮಾಡಲು ನನಗಂತೂ ಬರುವುದಿಲ್ಲ. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ಹುಟ್ಟಿದ್ದೇ ಅರಸನ ಆಸ್ಥಾನದಲ್ಲಿ. ಅದು ಕನ್ನಡ ನಾಡಿನ ಜನರನ್ನು ಹೊಗಳುವ ಪದ್ಯ ನಮ್ಮ ಎಲ್ಲ ವೇದಿಕೆಗಳಲ್ಲೂ ಮೊಳಗುತ್ತದೆ. ಆದರೆ ಆ ಹೊಗಳಿಕೆಗೆ ಎರಡು ಭಾಗವಿದೆ. ಈ ಜನ ಹದವರಿತು ಮಾತಾಡಬಲ್ಲರು ಎಂಬುದು ಒಂದು, ಆಡಿದ ಮಾತನ್ನು ಅರಿತು ವಿಚಾರಿಸಬಲ್ಲರು ಎಂಬುದು ಇನ್ನೊಂದು. ಮೊದಲ ಭಾಗಕ್ಕೆ ನಾವು ಸ್ಪರ್ಧೆ ಇಟ್ಟೆವು. ಎರಡನೆಯದನ್ನು ಬರೀ ಕಂಠಪಾಠ ಮಾಡಿದೆವು.

ವ್ಯಾಕರಣದ ಕಥೆಯೂ ಇದೇ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ಬದಲಿಸಿ ಎಂದು ಮಕ್ಕಳಿಗೆ ವಾಕ್ಯ ಕೊಡುತ್ತೇವೆ. ಏಕೆ ಬದಲಿಸಬೇಕು ಎಂದು ಹೇಳುವುದಿಲ್ಲ. 'ಪರಿಶೀಲಿಸಲಾಗುತ್ತಿದೆ', 'ಕ್ರಮ ಕೈಗೊಳ್ಳಲಾಗುವುದು', 'ಕೆಲವು ಲೋಪಗಳಾಗಿವೆ': ಇವು ಯಾವ ಪಕ್ಷದ ಸರ್ಕಾರ ಬಂದರೂ ಬದಲಾಗದ ವಾಕ್ಯಗಳು. ಈ ವಾಕ್ಯಗಳಲ್ಲಿ ಕರ್ತೃ ಎಲ್ಲಿ ಹೋದ? ಅದೇ ಬಾಯಿ ಉದ್ಘಾಟನೆಯ ದಿನ 'ನಾವು ಮಾಡಿದೆವು' ಎನ್ನುತ್ತದೆ. ರಸ್ತೆ ಆದಾಗ ಕರ್ತೃ ಹಾಜರು, ರಸ್ತೆ ಕುಸಿದಾಗ ಗೈರು. ಇದನ್ನು ಕಂಡುಹಿಡಿಯಲು ಸಿದ್ಧಾಂತ ಬೇಕಿಲ್ಲ. ಕ್ರಿಯಾಪದಕ್ಕೆ 'ಯಾರು?' ಎಂದು ಕೇಳಿದರೆ ಸಾಕು.

ಇನ್ನು 'ನಾವು' ಎಂಬ ಪದ. ನನ್ನ ಮಟ್ಟಿಗೆ ಕನ್ನಡದ ಭಾಷಣಗಳ ಅತಿ ದೊಡ್ಡ ಅಲಂಕಾರ ಇದೇ. ಕರಾವಳಿಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗೇ ಕಲಿಸಿದಳು. ತುಳುವಿನಲ್ಲಿ 'ನಮ' ಎಂದರೆ ಕೇಳುವವರೂ ಸೇರಿದ ನಾವು, 'ಎಂಕುಲು' ಎಂದರೆ ಕೇಳುವವರನ್ನು ಬಿಟ್ಟ ನಾವು. ಮನೆಯಲ್ಲಿ ತೆಲುಗು ಆಡುವ ಹುಡುಗ ಕೂಡಲೇ 'ಮನಂ', 'ಮೇಮು' ಎಂದ. ತಮಿಳಿನಲ್ಲೂ ಹೀಗೆ ಎರಡಿವೆ. ಇಂದಿನ ಕನ್ನಡದಲ್ಲಿ ಒಂದೇ 'ನಾವು'. ಆ ಭಾಷೆಗಳ ಭಾಷಣಕಾರರು ಸುಳ್ಳು ಹೇಳಲಾರರು ಎಂದಲ್ಲ, ಆದರೆ ಅವರು ಆಯ್ಕೆ ಮಾಡಲೇಬೇಕು. ನಮ್ಮಲ್ಲಿ ಆಯ್ಕೆಯ ಭಾರವಿಲ್ಲ. 'ನಾವು ತ್ಯಾಗ ಮಾಡಬೇಕು' ಎಂದಾಗ ತ್ಯಾಗ ಮಾಡುವವರು ಯಾರು? 'ನಾವು ಗೆದ್ದೆವು' ಎಂದಾಗ ಗೆದ್ದವರು ಯಾರು? 'ನಮ್ಮ ಸಂಸ್ಕೃತಿ' ಎಂದಾಗ ಆ ತರಗತಿಯ ಯಾವ ಬೆಂಚು ಹೊರಗುಳಿಯಿತು? ಒಂದು ಪದದ ಮೇಲೆ ಒಂದು ಇಡೀ ಗಂಟೆ ಕಳೆದೆವು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಇಷ್ಟು ಹೇಳಿ ನಾನು ಗೆದ್ದೆ ಎಂದು ಬೀಗಿದರೆ ಅದೂ ಒಂದು ಭಾಷಣವಾದೀತು. ಹಾವಿಗೂ ಮೊದಲು, ಮೊದಲ ವಾರ ನಾನು ತಂದಿದ್ದ ಮೂರೂ ಭಾಷಣಗಳು ನನಗೆ ಆಗದ ಪಕ್ಷದವರವು. ಒಂದೊಂದನ್ನೂ ಸಿಪ್ಪೆ ಸುಲಿದು ತೋರಿಸಿದೆ. ಕೊನೆಗೆ ಒಬ್ಬಳು ನಿಧಾನವಾಗಿ ಕೇಳಿದಳು: "ಮೇಡಂ, ನಿಮ್ಮವರ ಭಾಷಣ ಯಾವಾಗ?" ಉತ್ತರ ಇರಲಿಲ್ಲ. ನನ್ನಂತೆ ಯೋಚಿಸುವ ಗೆಳೆಯರಿಗೆ ನಾನು ಹೇಳಬೇಕಾದದ್ದೂ ಇದನ್ನೇ. ನಾವು ಎದುರಾಳಿಯ ಭಾಷಣಕ್ಕೆ ಚಾಕು ಹಿಡಿಯುತ್ತೇವೆ, ನಮ್ಮವರ ಭಾಷಣಕ್ಕೆ ಹಾರ ಹಿಡಿಯುತ್ತೇವೆ. ಅದು ವಿಶ್ಲೇಷಣೆಯಲ್ಲ, ವಿದ್ಯಾವಂತರ ಬೈಗುಳ. 'ತರಗತಿಯಲ್ಲಿ ರಾಜಕೀಯ ಬೇಡ' ಎನ್ನುವವರ ಭಯಕ್ಕೆ ಸ್ವಲ್ಪವಾದರೂ ಆಧಾರ ಒದಗಿಸುತ್ತಿರುವವರು ನಾವೇ.

ಆಮೇಲೆ ನಿಯಮ ಮಾಡಿದೆವು. ಪ್ರತಿಯೊಬ್ಬರೂ ತಾವು ಚಪ್ಪಾಳೆ ತಟ್ಟಿದ ಭಾಷಣದಿಂದಲೇ ಶುರು ಮಾಡಬೇಕು, ನಾನೂ ಸೇರಿ. ಇಷ್ಟವಾದ ಮಾತು ಯಾಕೆ ಇಷ್ಟವಾಯಿತು ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಕೆಲವರಿಗೆ ಸಿಟ್ಟು ಬಂತು. ನನಗೂ ಬಂತು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೀಗೆ ಎಲ್ಲವನ್ನೂ ಬಿಚ್ಚಿ ತೋರಿಸಿದರೆ ಮಕ್ಕಳು ಯಾವ ಮಾತನ್ನೂ ನಂಬದ ಸಿನಿಕರಾಗುವುದಿಲ್ಲವೇ? ಆಗುತ್ತಾರೆ, ಒಳ್ಳೆಯ ಭಾಷಣವನ್ನು ತೋರಿಸದಿದ್ದರೆ. ಅದಕ್ಕೇ 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಅಂಬೇಡ್ಕರ್ ಮಾಡಿದ ಭಾಷಣವನ್ನು ಕನ್ನಡದಲ್ಲಿ ಓದಿದೆವು. ಅಲ್ಲಿ ಅಲಂಕಾರಕ್ಕೆ ಕೊರತೆಯಿಲ್ಲ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈದೃಶ್ಯ ಇದೆ. ಎಷ್ಟು ಕಾಲ ಹೀಗೆ ಎಂದು ಮರುಕಳಿಸುವ ಪ್ರಶ್ನೆ ಇದೆ. ಧರ್ಮದಲ್ಲಿ ಆತ್ಮದ ಬಿಡುಗಡೆಗೆ ದಾರಿಯಾಗಬಹುದಾದ ಭಕ್ತಿ, ರಾಜಕೀಯದಲ್ಲಿ ಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬ ಎಚ್ಚರಿಕೆ ಇದೆ. ಭಾಷಣಕಾರನಿಗೇ ಮರುಳಾಗಬೇಡಿ ಎಂದು ಕೇಳುಗರಿಗೆ ಹೇಳುವ ಭಾಷಣ ಅದು. ಅಲ್ಲಿನ 'ನಾವು' ಗಮನಿಸಿ: ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷರನ್ನು ದೂರುವ ನೆಪ ಹೋಯಿತು, ಇನ್ನು ತಪ್ಪಾದರೆ ದೂರಬೇಕಾದದ್ದು ನಮ್ಮನ್ನೇ ಎನ್ನುತ್ತಾರೆ ಅವರು. ಹೊಗಳಿಕೆಯಲ್ಲಿ ಪಾಲು ಕೇಳುವ 'ನಾವು' ಅಲ್ಲ ಅದು, ತಪ್ಪಿನಲ್ಲಿ ಪಾಲು ಹೊರುವ 'ನಾವು'. ಈ ಎರಡರ ವ್ಯತ್ಯಾಸ ತಿಳಿದವರು ಸಿನಿಕರಾಗುವುದಿಲ್ಲ. ಯಾವ ಮಾತಿಗೆ ತಲೆದೂಗಬೇಕೆಂದು ಅವರಿಗೆ ಗೊತ್ತಿರುತ್ತದೆ.

ಒಂದು ದಿನ ಕಾಲೇಜಿನ ಹಿರಿಯರು ಕರೆದರು. "ನೋಡಮ್ಮ, ಚೆನ್ನಾಗಿ ಪಾಠ ಮಾಡ್ತೀಯ ಅಂತ ಎಲ್ಲರೂ ಹೇಳ್ತಾರೆ. ಆದರೆ ಯಾರೋ ವಿಡಿಯೊ ಮಾಡಿ ಹಾಕಿದರೆ ನಿನ್ನನ್ನ ಕಾಯೋರು ಯಾರು? ಸಿಲಬಸ್ಸಲ್ಲಿ ಇರೋದನ್ನಷ್ಟೇ ಮಾಡು" ಎಂದರು. ಸಿಲಬಸ್ಸಿನಲ್ಲಿ ಅಲಂಕಾರ ಇತ್ತು. ನಾನು ಅದನ್ನು ಹೇಳಲಿಲ್ಲ. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ಕಾಳಜಿ ಇತ್ತು. ಆದ್ದರಿಂದಲೇ ವಾದಿಸುವುದು ಕಷ್ಟವಾಯಿತು. ಮುಂದಿನ ವಾರ ಮದಗಜಕ್ಕೆ ಮರಳಿದೆ.

ಈ ಲೇಖನದ ಮೊದಲ ಕರಡಿನಲ್ಲಿ 'ಆ ತರಗತಿಗಳನ್ನು ನಿಲ್ಲಿಸಲಾಯಿತು' ಎಂದು ಬರೆದಿದ್ದೆ. ಮರುದಿನ ಓದಿದಾಗ ಆ ಹುಡುಗರ ಮುಖ ನೆನಪಾಗಿ ನಾಚಿಕೆಯಾಯಿತು. ಕರ್ತೃ ಎಲ್ಲಿ, ಮೇಡಂ?

ನಿಲ್ಲಿಸಿದ್ದು ನಾನು. ಮತ್ತೆ ಶುರು ಮಾಡಬೇಕಾದವಳೂ ನಾನೇ. ಆದರೆ ಗುತ್ತಿಗೆಯ ಅತಿಥಿ ಉಪನ್ಯಾಸಕಿಯೊಬ್ಬಳು ಒಂಟಿಯಾಗಿ ಮಾಡುವ ಕೆಲಸವಲ್ಲ ಇದು. ಕಾಯಂ ಹುದ್ದೆಯಲ್ಲಿರುವ, ಪಠ್ಯಕ್ರಮ ಸಮಿತಿಗಳಲ್ಲಿ ಕೂರುವ ನನ್ನ ಮೇಷ್ಟ್ರುಗಳೇ, ಅಲಂಕಾರದ ಘಟಕಕ್ಕೆ ಎರಡು ಭಾಷಣಗಳನ್ನು ಸೇರಿಸಿ: ಒಂದು ನಿಮಗೆ ಆಗದವರದು, ಇನ್ನೊಂದು ನಿಮಗೆ ಇಷ್ಟವಾದವರದು. 'ನಾವು ಇದರ ಬಗ್ಗೆ ಯೋಚಿಸೋಣ' ಎಂದು ಮಾತ್ರ ಹೇಳಬೇಡಿ. ಆ 'ನಾವು' ಯಾರು ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿಯಾರು.