ಮಣ್ಣು ಒಯ್ದವರು ನೀರಿನ ಮಾತು ಉಳಿಸಿಕೊಳ್ಳಲಿ

ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ ನಿಂತ 108 ಅಡಿಯ ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು, 120 ಟನ್ ಉಕ್ಕು ಬಳಸಿದ್ದಾರೆ. ನನ್ನನ್ನು ಕಾಡುವುದು ಅದರ ಬುಡಕ್ಕೆ ಸುರಿದ ಮಣ್ಣು. 2022ರ ಅಕ್ಟೋಬರಿನಲ್ಲಿ ಸರ್ಕಾರ ಊರೂರಿಗೆ ವಾಹನ ಕಳಿಸಿ, ಕರ್ನಾಟಕದ 22 ಸಾವಿರಕ್ಕೂ ಹೆಚ್ಚು ಕಡೆಯಿಂದ ‘ಪವಿತ್ರ ಮೃತ್ತಿಕೆ’ ತರಿಸಿತು. ನವೆಂಬರ್ 11ರಂದು ಪ್ರಧಾನಿ ಪ್ರತಿಮೆ ಅನಾವರಣ ಮಾಡಿದರು. ಆ ಮಣ್ಣು ಪ್ರತಿಮೆಯ ನಾಲ್ಕು ಗೋಪುರಗಳಲ್ಲೊಂದರ ಬುಡ ಸೇರಿತು. ವಿಧಾನಸಭೆ ಚುನಾವಣೆಗೆ ಆಗ ಆರು ತಿಂಗಳಿತ್ತು.

ಅನಾವರಣವಾಗಿ ಎರಡು ವಾರ ತುಂಬುವುದರೊಳಗೆ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಹೆಸರೆತ್ತಿದರು. ನೀರಿಲ್ಲದೆ ಬೇಸತ್ತ ಇಲ್ಲಿನ 40 ಗ್ರಾಮ ಪಂಚಾಯಿತಿಗಳು ಕರ್ನಾಟಕ ಸೇರಲು ನಿರ್ಣಯ ಮಾಡಿವೆ ಎಂದರು. ಅದು 2012ರ ಮಾತು, ಒಂದು ಊರೂ ಹೋಗುವುದಿಲ್ಲ ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಗುಡುಗಿದರು. ಇದೇ ತಾಲ್ಲೂಕಿನ ಯಳವಿಯಲ್ಲಿ ಕೂತು ಇದನ್ನು ಓದಿದ ನನಗೆ ಸಿಟ್ಟು ಬಂತು, ಇಂದಿಗೂ ಇಳಿದಿಲ್ಲ. ಒಬ್ಬರು ಮಣ್ಣನ್ನು ಮೆರವಣಿಗೆ ಮಾಡುತ್ತಾರೆ, ಇನ್ನೊಬ್ಬರು ಮಣ್ಣು ಬಿಡೆವೆನ್ನುತ್ತಾರೆ. ಆ ಮಣ್ಣು ಬಿರುಕು ಬಿಟ್ಟಾಗ ಇಬ್ಬರೂ ಕಾಣುವುದಿಲ್ಲ.

ಮಣ್ಣಿನ ಮೂರ್ತಿ ನಮಗೆ ಹೊಸದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಪೂಜಿಸುತ್ತೇವೆ. ಮಳೆ ಬರಲಿ, ಬಿತ್ತಿದ್ದು ಬೆಳೆಯಲಿ ಎಂಬ ಬೇಡಿಕೆ ಆ ಪೂಜೆಯಲ್ಲಿದೆ. ಜನರಿಂದ ಮಣ್ಣು ಪಡೆದ ಸರ್ಕಾರಕ್ಕೂ ಅಂಥದೇ ಹೊಣೆ ಅಂಟಿಕೊಳ್ಳುತ್ತದೆ. ಸರದಾರ ಪಟೇಲರ ಪ್ರತಿಮೆಗೆಂದು ದೇಶದ ರೈತರಿಂದ ಹಳೆಯ ಸಲಕರಣೆಗಳ ಕಬ್ಬಿಣ ಕೇಳಿದ್ದರು. ಕೊನೆಗೆ ಅದು ಹೋದದ್ದು ಯೋಜನೆಯ ಬೇರೆ ಕೆಲಸಗಳಿಗೆ. ರೈತನ ಗುದ್ದಲಿಯನ್ನೋ ಹೊಲದ ಹಿಡಿ ಮಣ್ಣನ್ನೋ ಪ್ರಚಾರಕ್ಕೆ ಬಳಸಿ ಮರೆಯುವುದು ಅನ್ಯಾಯ.

ಕೆಂಪೇಗೌಡರ ಮೇಲೆ ನನಗೆ ಅಪಾರ ಗೌರವ. ಆ ಎರಡೂ ಪ್ರತಿಮೆಗಳನ್ನು ರೂಪಿಸಿದ ರಾಮ್ ಸುತಾರ್ ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯವರು ಎಂಬುದೂ ಖುಷಿಯ ವಿಷಯವೇ. ಆದರೆ ಕೆಂಪೇಗೌಡರೆಂದರೆ ಕೆರೆ. ಅವರ ಹೆಸರಿನೊಂದಿಗೆ ಬೆಸೆದ ಧರ್ಮಾಂಬುಧಿ ಕೆರೆ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಪ್ರತಿಮೆ ಮತ್ತು ಉದ್ಯಾನದ ಯೋಜನೆಗೆ ಸುಮಾರು 84 ಕೋಟಿ ರೂಪಾಯಿ ಕೊಟ್ಟವರು ಆ ಗೌಡರನ್ನು ಯಾವ ಕೆರೆಯಲ್ಲಿ ಹುಡುಕಿದರು?

ನೀರು ಕೊಡುವುದು ಆಗದ ಕೆಲಸವೂ ಅಲ್ಲ. ಜತ್ತದ ಹೆಸರಿನ ಆ ಗಡಿ ಗಲಾಟೆಯ ನಡುವೆಯೇ ಕರ್ನಾಟಕ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನೀರು ಬಿಟ್ಟಿತು, ನಮ್ಮ ತಾಲ್ಲೂಕಿನ ತಿಕ್ಕುಂಡಿಯ ಕೆರೆ ತುಂಬಿತು. ಮಹಾರಾಷ್ಟ್ರವೂ ಎಚ್ಚೆತ್ತು ತನ್ನ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಗೆ ಓಡಾಡಿತು. ಇಷ್ಟು ದಿನ ಕಾಲುವೆಗೆ ಅಡ್ಡ ಬಂದದ್ದು ಗಡಿಯಲ್ಲ, ಮನಸ್ಸಿಲ್ಲದಿರುವುದು.

ಬೇಸಿಗೆಯಲ್ಲಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಕರ್ನಾಟಕಕ್ಕೆ ನೀರು, ಅದಕ್ಕೆ ಬದಲಾಗಿ ತುಬಚಿ-ಬಬಲೇಶ್ವರದಿಂದ ಜತ್ತಕ್ಕೆ ನೀರು ಎಂಬ ವಿನಿಮಯದ ಮಾತು ವರ್ಷಗಳಿಂದ ನಡೆದಿದೆ. ಎರಡೂ ಸರ್ಕಾರಗಳು ಅದನ್ನು ಕಾಗದಕ್ಕಿಳಿಸಿ ಸಹಿ ಹಾಕಲಿ. ಯಾವ ತಿಂಗಳು, ಎಷ್ಟು ನೀರು, ಯಾವ ಊರಿನ ಕೆರೆಗೆ ಎಂಬುದನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ.